ಎಸ್‌.ಪಿ. ರಸ್ತೆಯ ಆ ಅಣ್ಣನಿಗೆ

ಅಪ್ಪನ ಹಳೇ ರೆಕಾರ್ಡುಗಳಿಗೆಂದು ಸೆಕೆಂಡ್ ಹ್ಯಾಂಡ್ ಆಂಪ್ಲಿಫೈಯರ್, ರೆಕಾರ್ಡ್ ತಿರುಗಿಸುವ ಟರ್ನ್‌ಟೇಬಲ್ ಕೊಂಡಿದ್ದೆ. ಜೋಡಿಸಿದರೆ ಬರೀ ಗುಂಯ್ ಅನ್ನುವ ಸದ್ದು. ಎಡಗಡೆ ಸ್ಪೀಕರಿನಲ್ಲಿ ಉಸಿರೇ ಇಲ್ಲ. ಮಾರಿದವರು ಫೋನ್ ಎತ್ತಲಿಲ್ಲ. ಮರುದಿನವೇ ಅಪ್ಪನ ಹುಟ್ಟುಹಬ್ಬ.

ಸಂಜೆ ಎರಡನ್ನೂ ಆಟೋದಲ್ಲಿ ಹಾಕಿಕೊಂಡು, ಎಲೆಕ್ಟ್ರಾನಿಕ್ಸ್ ಅಂಗಡಿಗಳು ತುಂಬಿರುವ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋದೆ. ಇಬ್ಬರು ಅಂಗಡಿಯವರು "ಹಳೇ ಮಾಲು, ಆಗಲ್ಲ" ಅಂದರು. ಮೂರನೆಯವರು ಆಗಲೇ ಶಟರ್ ಅರ್ಧ ಎಳೆದಿದ್ದರು. ನನ್ನ ಮುಖ ನೋಡಿ ಮತ್ತೆ ಮೇಲೆತ್ತಿದರು. "ಇಡಿ ಸಾರ್, ನೋಡೋಣ."

ಟರ್ನ್‌ಟೇಬಲ್ ಹಿಂದೆ ಜೋತಾಡುತ್ತಿದ್ದ ತೆಳು ವೈರನ್ನು ಬೆರಳಲ್ಲಿ ಹಿಡಿದು ತೋರಿಸಿದರು. ಅರ್ಥ್ ವೈರ್. ಅದನ್ನು ನಾನು ಎಲ್ಲಿಗೂ ಜೋಡಿಸಿರಲಿಲ್ಲ. ತುದಿ ಸುಲಿದು, ಹೊಸೆದು, ಆಂಪ್ಲಿಫೈಯರಿನ ಹಿಂದಿದ್ದ ಗ್ರೌಂಡ್ ಸ್ಕ್ರೂಗೆ ಬಿಗಿದರು. ಗುಂಯ್ ನಿಂತೇಹೋಯಿತು! ಆಮೇಲೆ ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ, ಎಡ-ಬಲದ ಸದ್ದು ಹೊಂದಿಸುವ ಬ್ಯಾಲೆನ್ಸ್ ಕಂಟ್ರೋಲಿನೊಳಗೆ ಕೊಳೆ ತೆಗೆಯುವ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಆ ಗುಂಡಿಯನ್ನು ಆಚೆ ಈಚೆ ಎಷ್ಟೋ ಸಲ ತಿರುಗಿಸಿದರು. ಒಣಗಿದ ಮೇಲೆ ಹಾಕಿದರೆ ಎರಡೂ ಕಡೆ ಹಾಡು. ನನಗೆ ಗಂಟಲು ಕಟ್ಟಿತು.

ತೆಗೆದುಕೊಂಡದ್ದು 100 ರೂಪಾಯಿ, ಅದೂ ಒತ್ತಾಯಕ್ಕೆ. ಹೊರಡುವಾಗ ಟೋನ್‌ಆರ್ಮ್ (ಮುಳ್ಳು ಹಿಡಿದಿರುವ ಕೈ) ಅಲುಗಾಡದಂತೆ ದಾರ ಕಟ್ಟಿ, ಮುಳ್ಳಿಗೆ ಕ್ಯಾಪ್ ಹಾಕಿದರು. "ಆಟೋ ಕುಲುಕುತ್ತೆ, ಮಡಿಲಲ್ಲೇ ಇಟ್ಕೊಳ್ಳಿ" ಅಂದರು.

ಹಾಗೇ ಇಟ್ಟುಕೊಂಡು ಬಂದೆ ಅಣ್ಣಾ. ಅವಸರದಲ್ಲಿ ನಿಮ್ಮ ಹೆಸರೂ ಕೇಳಲಿಲ್ಲ. ಅಪ್ಪ ಬೆಳಗ್ಗೆಯಿಂದ ನಾಲ್ಕನೇ ರೆಕಾರ್ಡ್ ಹಾಕಿದ್ದಾರೆ. ತುಂಬಾ ಥ್ಯಾಂಕ್ಸ್.