ನಿನ್ನ ತಾತನ ಕೋವಿಯ ಮೇಲಿನ ಗೀರು ನನ್ನದು

ಮಲ್ಲೇಶ್ವರ, ಬೆಂಗಳೂರು

ಪ್ರೀತಿಯ ಗೆಳೆಯಾ,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋ ನೋಡಿದೆ. ಅಮೆರಿಕದಿಂದ ನಿನ್ನ ಭಾವ ತಂದುಕೊಟ್ಟ ಬೇಟೆ ಜಾಕೆಟ್ಟು ನಿನಗೆ ಚೆನ್ನಾಗೇ ಒಪ್ಪುತ್ತೆ, ಎರಡು ಮಾತಿಲ್ಲ. ಬೇಟೆಗೆ ಕಡಿವಾಣ ಹಾಕಿದ 1972ರ ವನ್ಯಜೀವಿ ಕಾಯ್ದೆ ಬಂದು ಅರ್ಧ ಶತಮಾನ ಕಳೆದ ಮೇಲೆ, ಹೊಡೆದ ಹಕ್ಕಿ ತುಂಬೋಕೆ ಅಂತ ಬೆನ್ನಲ್ಲಿ ಅಷ್ಟು ದೊಡ್ಡ ಜೇಬು ಯಾಕೋ ಅಂತ ನಗು ಬಂತು. ನಿಮ್ಮ ಅಕ್ಕಿ ಕಡುಬು, ಆ ಕಡಂಬುಟ್ಟು ತುಂಬಿಕೋ, ಹತ್ತಾದರೂ ಹಿಡಿಸುತ್ತೆ. ಆದರೆ ಕೆಳಗೆ ‘ಈ ಸಲ ಕೈಲ್‌ಪೊಳ್ದ್‌ಗೆ ಇದನ್ನೇ ಹಾಕ್ಕೊಂಡು ತಾತನ ಕೋವಿ ಹಿಡೀತೀನಿ’ ಅಂತ ನಿಮ್ಮ ಕೊಡವರ ಆಯುಧಪೂಜೆ ಹಬ್ಬದ ಬಗ್ಗೆ ಬರೆದಿದ್ದೆಯಲ್ಲ, ಅಲ್ಲಿಗೆ ನಗು ನಿಂತಿತು. ವರ್ಷದಿಂದ ನುಂಗಿಕೊಂಡು ಕೂತಿದ್ದ ಮಾತನ್ನ ಇನ್ನು ಉಗುಳದೆ ವಿಧಿಯಿಲ್ಲ.

ಆ ಕೋವಿಯ ಹಿಡಿಯ ಎಡಮಗ್ಗುಲಲ್ಲಿ ಬೆರಳುದ್ದದ ಒಂದು ಗೀರು ಇದೆಯಲ್ಲ, ಅದು ನಿನ್ನ ಅಣ್ಣನ ಮಗ ಮಾಡಿದ್ದಲ್ಲ. ನಾನು ಮಾಡಿದ್ದು.

ಹೋದ ಸೆಪ್ಟೆಂಬರ್ 3 ನೆನಪಿದೆಯಾ? ದೇವರ ಕೋಣೆ ಕನ್ನಿ ಕೋಂಬರೆಯಿಂದ ಕೋವಿಗಳನ್ನ ತಂದು, ನಳಿಗೆಗೆ ತೋಕ್ ಪೂ ಅಂತೀರಲ್ಲ, ಆ ಹೂವು ಸಿಕ್ಕಿಸಿ, ಗಂಧ ಇಟ್ಟು ಪೂಜೆ ಮುಗಿಸಿದಿರಿ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯೋಕೆ ಮೈದಾನಕ್ಕೆ ಹೋದೆವು. ಮಳೆ ಜಿನುಗುತ್ತಿತ್ತು. ನಾನು ಬೆಂಗಳೂರಿನಿಂದ ಹಾಕಿಕೊಂಡು ಬಂದಿದ್ದ ಬೈಕಿನ ಜಾಕೆಟ್ಟಲ್ಲೇ ಇದ್ದೆ, ಗದ್ದದವರೆಗೂ ಲೋಹದ ಜಿಪ್ಪು, ತುದಿಯಲ್ಲಿ ಎಳೆಯೋಕೆ ಕಬ್ಬಿಣದ ನಾಲಿಗೆ. ಸಾಲಿನಲ್ಲಿ ನಿಂತಷ್ಟು ಹೊತ್ತೂ, ಖಾಲಿ ಕೋವಿಯನ್ನ ಮಗು ಎತ್ತಿಕೊಂಡ ಹಾಗೆ ಎದೆಗೆ ಅವುಚಿಕೊಂಡಿದ್ದೆ. ನಿಮ್ಮ ಕೊಡವರಿಗಾದರೆ 1963ರಿಂದಲೂ ಲೈಸೆನ್ಸಿನ ವಿನಾಯಿತಿ ಇದೆ, ಕೋವಿ ಮನೆಯ ಸದಸ್ಯ ಇದ್ದ ಹಾಗೆ. ವರ್ಷಕ್ಕೊಂದು ದಿನ ಮುಟ್ಟೋ ನನ್ನಂಥವನಿಗೆ ಅದನ್ನ ಹಿಡಿದು ನಿಲ್ಲೋ ರೀತಿ ಎಲ್ಲಿಂದ ಬರಬೇಕು? ಎರಡು ತೋಟಾ ಹಾರಿಸಿದೆ. ಕಾಯಿ ಅಲುಗಾಡಲಿಲ್ಲ. ಗಾಯ ಆಗಿದ್ದು ಕೋವಿಗೆ ಮಾತ್ರ.

ರಾತ್ರಿ ನೀನು ಎಣ್ಣೆ ಒರೆಸ್ತಾ ದೀಪಕ್ಕೆ ಹಿಡಿದಾಗ ಗೀರು ಕಂಡಿತು. ಉಗುರು ಆಡಿಸಿದರೆ ತಡೀತಿತ್ತು. ನೀನು ಅಣ್ಣನ ಮಗನ್ನ ಬೈದೆ. ನಾನು ಪಂದಿಕರಿ ತಟ್ಟೆ ನೋಡ್ತಾ ಕೂತೆ. ಈಗ ಯೋಚನೆ ಮಾಡು: ಬಲಗೈಯವನು ಕೋವಿಯನ್ನ ಎದೆಗೆ ಅಡ್ಡ ಹಿಡಿದರೆ ಮೈಗೆ ತಾಗೋದು ಕೋವಿಯ ಎಡಮಗ್ಗುಲು. ಆ ಹುಡುಗ ಎಡಚ ಕಣೋ! ಅವನು ಕೆಡಿಸಿದ್ದರೆ ಗೀರು ಬಲಮಗ್ಗುಲಲ್ಲಿ ಇರಬೇಕಿತ್ತು.

ಮರುದಿನ ನೀನು ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಿ ನೋಡಿದೆ, ಏನೂ ಆಗಲಿಲ್ಲ ಅಂದೆ. ಆಗೋದೂ ಇಲ್ಲ. ಮರ ನೆಗ್ಗಿದ್ದರೆ ಅದರ ನಾರು ಬರೀ ಒತ್ತಿಕೊಂಡಿರುತ್ತೆ, ಹಬೆ ತಾಗಿದರೆ ನೀರು ಕುಡಿದು ಮೇಲೇಳುತ್ತೆ. ಗೀರು ಅಂದರೆ ನಾರೇ ಕತ್ತರಿಸಿಹೋಗಿದೆ. ಇನ್ನೊಂದು ಸಲ ಇಸ್ತ್ರಿ ಇಡಬೇಡ, ಸುತ್ತಲಿನ ಹೊಳಪೂ ಬೆಳ್ಳಗಾದೀತು.

ಹಿಡಿಗಾದರೆ ಸರಿ, ಯಾವತ್ತೋ ಒಂದು ದಿನ ಉಜ್ಜಿ ಎಣ್ಣೆ ಕುಡಿಸಿ ಸರಿ ಮಾಡಬಹುದು. ನನಗೆ ಹೆದರಿಕೆ ಇರೋದು ನಳಿಗೆಯದು. ಆ ನೀಲಿಗಪ್ಪು ಇದೆಯಲ್ಲ, ಅದು ಮೇಲೆ ಬಳಿದ ಬಣ್ಣ ಅಲ್ಲ. ಉಕ್ಕಿನ ಮೈಯನ್ನೇ ಹದವಾಗಿ ತುಕ್ಕು ಹಿಡಿಸಿ ಕಪ್ಪು ಮಾಡಿದ್ದು. ಕೂದಲೆಳೆಯ ಮುಂದೂ ಅದು ಏನೇನೂ ದಪ್ಪ ಇಲ್ಲ. ಹಿತ್ತಾಳೆ ಜಿಪ್ಪು ಉಕ್ಕಿಗಿಂತ ಮೆದು, ಹಾಗಾಗಿ ಬರೀ ಹಳದಿ ಗೆರೆ ಬಿಟ್ಟು ಹೋಗಬಹುದು. ಆದರೆ ಜಿಪ್ಪಿನ ಹಲ್ಲಿನ ಸಂದಿಯಲ್ಲಿ ರಸ್ತೆ ಧೂಳು ಕೂತಿರುತ್ತಲ್ಲ, ಅದರಲ್ಲಿರೋ ಬೆಣಚುಕಲ್ಲಿನ ಕಣ ಉಕ್ಕನ್ನೂ ಗೀರುತ್ತೆ. ನಮ್ಮ ಮೆಟ್ರೋ ಕಾಮಗಾರಿ ಪಕ್ಕದಲ್ಲಿ ದಿನಾ ಓಡಾಡೋ ಜಾಕೆಟ್ಟಿಗೆ ಆ ಕಣಕ್ಕೇನು ಬರ! ಗೀರು ಬಿದ್ದ ಜಾಗದಲ್ಲಿ ನಿಮ್ಮೂರಿನ ಮಳೆಗಾಲದ ಒಂದು ರಾತ್ರಿ ಸಾಕು, ಕೆಂಪು ತುಕ್ಕು ಕಾಣಿಸಿಕೊಳ್ಳೋಕೆ. ಅದನ್ನ ಹಿತ್ತಾಳೆ ಹೊಳಪಿಸೋ ಬ್ರಾಸೋ ಹಾಕಿ ಉಜ್ಜೋ ಬುದ್ಧಿ ಮಾತ್ರ ಮಾಡಬೇಡ ಮಾರಾಯ, ತುಕ್ಕಿನ ಜೊತೆ ಉಳಿದ ಕಪ್ಪೂ ಹೋಗುತ್ತೆ.

ನಿನ್ನ ಹೊಸ ಜಾಕೆಟ್ಟಿನ ಫೋಟೋ ದೊಡ್ಡದು ಮಾಡಿ ಲೆಕ್ಕ ಹಾಕಿದೆ. ಮುಂದೆ ದಪ್ಪ ಜಿಪ್ಪು, ಜೇಬಿಗೆ ನಾಲ್ಕು ಟಿಚ್ ಬಟನ್, ಬಲಭುಜದ ಮೇಲೆ ಒಂದು ಬಕಲ್! ಬೇಟೆಗೆ ಅಂತಲೇ ಹೊಲಿದ ಬಟ್ಟೆಯಲ್ಲಿ ಕೋವಿ ಊರೋ ಜಾಗಕ್ಕೇ ಬಕಲ್ ಇಟ್ಟವನು ಜನ್ಮದಲ್ಲಿ ಕೋವಿ ಹಿಡಿದಿರಲಾರ. ನಿಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತೋ ಏನೋ, ನಿಮ್ಮ ಉದ್ದನೆ ಕೋಟು ಕುಪ್ಯಕ್ಕೆ ಗುಂಡಿಯ ತಾಪತ್ರಯವೇ ಇಲ್ಲ, ಮೇಲೆ ಸೊಂಟಕ್ಕೆ ರೇಷ್ಮೆ ಚೇಲೆ ಸುತ್ತಿದರೆ ಮುಗೀತು. ಅದರಲ್ಲೂ ಸೊಂಟದ ಪೀಚೆಕತ್ತಿಯ ಬೆಳ್ಳಿ ಸರಪಳಿ ಒಂದರ ಮೇಲೆ ಕಣ್ಣಿಟ್ಟಿರು.

ಜೀನ್ಸ್ ಮಾಡೋ ಲೀವೈಸ್‌ನವರಿಗೂ ಈ ಬುದ್ಧಿ ತಡವಾಗಿ ಬಂತು. 1873ರಲ್ಲಿ ಪ್ಯಾಂಟಿಗೆ ರಿವೆಟ್ ಹೊಡೆಯೋಕೆ ಪೇಟೆಂಟ್ ತಗೊಂಡರು. ಹಿಂದಿನ ಜೇಬಿನ ರಿವೆಟ್ಟು ಕುರ್ಚಿ, ಕುದುರೆ ಜೀನು ಎಲ್ಲ ಗೀರುತ್ತೆ ಅಂತ ಜನ ಗೊಣಗಿದ ಮೇಲೆ, 1937ರಲ್ಲಿ ಅದನ್ನ ಬಟ್ಟೆಯೊಳಗೆ ಮುಚ್ಚಿ ಹೊಲಿದರು. ನನ್ನ ಜಾಕೆಟ್ಟಿಗೆ ನಾನು ಮಾಡಿಸಿದ್ದೂ ಅದನ್ನೇ. ಎಂಟನೇ ಕ್ರಾಸಿನ ಹತ್ತಿರ ನಮ್ಮ ಟೈಲರ್ ಇದ್ದಾರೆ, ‘ಕೋವಿಗೆ ಗೀರು ಬೀಳಬಾರದು’ ಅಂದಾಗ ಒಂದು ಕ್ಷಣ ನನ್ನನ್ನೇ ಅನುಮಾನದಿಂದ ನೋಡಿದರು. ಲೋಹದ ಜಿಪ್ಪು ಕಿತ್ತು ಚಿಕ್ಕಪೇಟೆಯಿಂದ ತಂದ ನೈಲಾನ್ ಜಿಪ್ಪು ಹಾಕಿದರು. ನಾಲಿಗೆ ಬದಲು ದಾರದ ಕುಣಿಕೆ. ಮೇಲೆ ಎರಡಿಂಚು ಅಗಲದ ಪಟ್ಟಿ. ಪಟ್ಟಿಯ ತುದಿ ನಾನು ಬಲಗೈಯವನು ಅಂತ ಕೇಳಿಕೊಂಡೇ ಮಡಚಿದರು, ಎದೆಯ ಮೇಲೆ ಮರ ಜಾರುವಾಗ ಪಟ್ಟಿ ಎದ್ದು ನಿಲ್ಲಬಾರದಂತೆ. ಅದು ನನಗೆ ಹೊಳೆದೇ ಇರಲಿಲ್ಲ. ಟಿಚ್ ಬಟನ್ ಜಾಗಕ್ಕೆ ಬಟ್ಟೆ ಸುತ್ತಿದ ಗುಂಡಿ, ಭುಜಕ್ಕೆ ಮೆತ್ತನೆ ಚರ್ಮದ ತೇಪೆ. ತೇಪೆಯ ಹೊಲಿಗೆಯನ್ನ ಮಾತ್ರ ಒಂದು ಸಲ ಬಿಚ್ಚಿಸಿ ಮತ್ತೆ ಹೊಲಿಸಬೇಕಾಯ್ತು, ಓರೆಯಾಗಿತ್ತು.

ಬೆಲ್ಟ್ ಮರೀಬೇಡ. ನಮ್ಮ ಬೀದಿಯ ಗಿಟಾರ್ ಹುಡುಗ ವಾದ್ಯ ಎತ್ತೋ ಮೊದಲು ಬಕಲನ್ನ ಸೊಂಟದ ಪಕ್ಕಕ್ಕೆ ತಿರುಗಿಸ್ತಾನೆ. ನೀನೂ ತಿರುಗಿಸು. ಎಡಗೈ ಉಂಗುರ, ವಾಚಿನ ಉಕ್ಕಿನ ಪಟ್ಟಿ ಎರಡೂ ಬಿಚ್ಚಿ ಅತ್ತಿಗೆ ಕೈಗೆ ಕೊಡು. ನಳಿಗೆಯ ಕೆಳಗೆ ಹಿಡಿಯೋ ಕೈ ಅದೇ ತಾನೇ.

ಎಲ್ಲ ಆದ ಮೇಲೆ ಪರೀಕ್ಷೆ ಹೀಗೆ. ಮನೆಯಲ್ಲಿ ಕೆಲಸಕ್ಕೆ ಬಾರದ ಹಳೇ ಸಿಡಿ ಇರುತ್ತಲ್ಲ, ಜಾಕೆಟ್ ಹಾಕ್ಕೊಂಡು ಅದರ ಹೊಳೆಯೋ ಮೈಯನ್ನ ಎದೆ, ಭುಜ, ಸೊಂಟಕ್ಕೆಲ್ಲ ಒತ್ತಿ ಆಡಿಸು, ಆಮೇಲೆ ಕಿಟಕಿ ಬೆಳಕಿಗೆ ಹಿಡಿ. ನನ್ನ ಹಳೇ ಜಿಪ್ಪಿಗೆ ಸಿಡಿ ಮೇಲೆ ಏಳು ಗೆರೆ ಬಿದ್ದಿದ್ದವು. ಈಗ ಒಂದೂ ಇಲ್ಲ. ನಿನ್ನದನ್ನೂ ಕೊರಿಯರ್ ಮಾಡು, ಬಕಲ್ ಕೀಳಿಸಿ ಹಬ್ಬಕ್ಕೆ ನಾನೇ ತರ್ತೀನಿ.

2ನೇ ತಾರೀಖು ರಾತ್ರಿ ಬಸ್ಸಿಗೆ ಹೊರಡ್ತೀನಿ. ಹುಡುಗನಿಗೆ ಈ ಪತ್ರ ಓದಿ ಹೇಳು, ಇಲ್ಲ ಬೇಡ, ಅವನೇ ಓದಲಿ. ಬೈಗುಳ ಏನಾದರೂ ಉಳಿಸಿಕೊಂಡಿದ್ದರೆ ನಾನು ಊಟ ಮುಗಿಸೋವರೆಗೆ ತಡ್ಕೊಳ್ಳೋಕೆ ಹೇಳು.

ನಿನ್ನ,
ಬೆಂಗಳೂರಿನ ಗೆಳೆಯ