ಚಿಗರಿ ಬಸ್ಸಿನ ನರ್ಸ್ ಅಕ್ಕಾರಿಗೆ

ಅಕ್ಕಾರ, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಅಷ್ಟೆಲ್ಲ ಮಾತಾಡಿದರೂ ನಿಮ್ಮ ಹೆಸರು ಕೇಳೋದೇ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಕಾದಂಬರಿಯ ನಾಯಕ ಗದಗಿನ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಪ್ರೂಫ್ ನೋಡುವವನು, ಅವನಿಗೆ ಗೀಳು ಕಾಯಿಲೆ, ಅಂದರೆ ಒಸಿಡಿ. ಹುಬ್ಬಳ್ಳಿ ಬಿಟ್ಟು ನವಲೂರು ಬರುವಷ್ಟರಲ್ಲಿ ನೀವು ಅವನನ್ನು ನನಗಿಂತ ಚೆನ್ನಾಗಿ ಹಿಡಿದಿದ್ದಿರಿ. "ಬಾಗಿಲು ಹಾಕೇನಿ ಅಂತ ಅವಗ ಗೊತ್ತಿರ್ತದರಿ, ಗೊತ್ತಿದ್ದೂ ಎದ್ದು ಹೋಗಿ ನೋಡ್ತಾನ" ಅಂದಿರಿ. ನೋಡಿದಾಗ ಸ್ವಲ್ಪ ಹೊತ್ತು ಸಮಾಧಾನ. ಆ ಸಮಾಧಾನವೇ ಮತ್ತೆ ನೋಡುವ ಚಟ ಬೆಳೆಸುತ್ತದೆ, ಹಾಗಾಗಿ ಮನೆಯವರು "ಹಾಕೀಯಪ್ಪಾ" ಅಂತ ಪದೇ ಪದೇ ಹೇಳಿದರೂ ಗೀಳಿಗೇ ಬಲ. ಅವನ ಹೆಂಡತಿಯ ಪಾತ್ರಕ್ಕೆ ಜೀವ ಬಂದಿದ್ದು ಇಲ್ಲಿಂದಲೇ: ಪ್ರೀತಿಯಿಂದ ಹೇಳ್ತಾಳೆ, ಕಾಯಿಲೆ ಜಾಸ್ತಿಯಾಗ್ತದೆ!

ನೀವು ಒಬ್ಬ ರೋಗಿಯ ಗುರುತೂ ಬಿಟ್ಟುಕೊಡಲಿಲ್ಲ. ಅದು ನನಗೆ ಬಹಳ ಹಿಡಿಸಿತು. ಧಾರವಾಡದ ಮಾನಸಿಕ ಆಸ್ಪತ್ರೆ 1845ರಿಂದ ಇದೆ, ನಾವು ಮಾತ್ರ ಇನ್ನೂ "ಧಾರವಾಡಕ್ಕ ಕಳಸಬೇಕು ಇವನ್ನ" ಅಂತ ಜೋಕ್ ಮಾಡ್ತೀವಿ, ಅಲ್ವಾ? ನಾಯಕನನ್ನು ಕೊನೆಯಲ್ಲಿ ಸಾಯಿಸಬೇಡಿ, ಚಿಕಿತ್ಸೆ ಇದೆ ಅಂದಿದ್ದಿರಿ. ಸಾಯಿಸಿಲ್ಲ. ಪುಸ್ತಕ ಅಚ್ಚಾದ ಮೇಲೆ ಒಂದು ಪ್ರತಿ ನಿಮಗೆ ಕೊಡಬೇಕು, ಇದನ್ನು ಓದಿದರೆ ಕೆಳಗೆ ಸುಮ್ನೆ ಒಂದು ಸಾಲು ಹಾಕಿರಿ.