ನಮ್ಮ ಆಟಕ್ಕೂ ಒಂದು ಪತ್ತನಾಜೆ ಬೇಕು: ಕೇಂದ್ರ ಕ್ರೀಡಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ಕ್ರೀಡಾ ಸಚಿವರಾದ ಡಾ. ಮನ್ಸುಖ್ ಮಾಂಡವಿಯಾ ಅವರಿಗೆ,

ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ ಸಣ್ಣ ಜೀನಸು ಅಂಗಡಿ ಇಟ್ಟುಕೊಂಡಿರುವವನು. ಮನಸ್ಸಿನ ಸಂಕಟ ಹೇಳಲು ನನಗೆ ಬರುವುದು ಕನ್ನಡದಲ್ಲಿ. ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ದಯವಿಟ್ಟು ಯಾರಿಂದಾದರೂ ಓದಿಸಿಕೊಳ್ಳಿ.

ಕೇಳುವುದು ಒಂದೇ. ಮುಂದಿನ ಫುಟ್‌ಬಾಲ್ ಸೀಸನ್ ಯಾವ ದಿನ ಶುರು, ಯಾವ ದಿನ ಮುಗಿಯುತ್ತದೆ ಅಂತ ಈಗಲೇ ಹೇಳಿ. ಬಾಯಿಮಾತು ಬೇಡ, ಬರೆದು ಕೊಡಿ. ಪತ್ತನಾಜೆ ಅಂದರೆ ನಮ್ಮಲ್ಲಿ ಯಕ್ಷಗಾನದ ತಿರುಗಾಟ ಮುಗಿಯುವ, ಎಲ್ಲರಿಗೂ ಮೊದಲೇ ಗೊತ್ತಿರುವ ದಿನ. ಅಂಥದ್ದೊಂದು ಫುಟ್‌ಬಾಲಿಗೂ ಬೇಕು. ದೇಶದ ದೊಡ್ಡ ಲೀಗ್ ಆದ ಐಎಸ್‌ಎಲ್‌ಗೂ (ಇಂಡಿಯನ್ ಸೂಪರ್ ಲೀಗ್) ಕೊಡಿ, ಅದರ ಕೆಳಗಿನ ಲೀಗ್‌ಗಳಿಗೂ ಕೊಡಿ.

ನಮ್ಮದು ಫುಟ್‌ಬಾಲ್ ಹುಚ್ಚಿನ ಊರು. ಕೇರಳ-ಕರ್ನಾಟಕದ ತಲಪಾಡಿ ಗಡಿ ಇಲ್ಲೇ ಹತ್ತಿರ ಇರುವುದರಿಂದ ಒಂದೇ ಮನೆಯಲ್ಲಿ ಎರಡು ಪಕ್ಷ ಇರುತ್ತದೆ. ಅಣ್ಣ ಬೆಂಗಳೂರು ಎಫ್‌ಸಿ, ತಮ್ಮ ಕೇರಳ ಬ್ಲಾಸ್ಟರ್ಸ್. ಮಳೆಗಾಲದ ಎಣೆಲು ಬೆಳೆಯ ಕೊಯ್ಲು ಮುಗಿದು ಗದ್ದೆ ಒಣಗಿದರೆ ಸಾಕು, ಬಿದಿರಿನ ಕಂಬ ನೆಟ್ಟು ಸೆವೆನ್ಸ್ (ಏಳೇಳು ಜನರ ಫುಟ್‌ಬಾಲ್) ಶುರು. ನನ್ನ ಮಗ ಕಾಲಿಗೆ ಚೆಂಡು ಕಟ್ಟಿಕೊಂಡದ್ದು ಅಂಥ ಗದ್ದೆಯಲ್ಲೇ. 2016ರ ಡಿಸೆಂಬರ್‌ನಲ್ಲಿ ಕೊಚ್ಚಿಯಲ್ಲಿ ಐಎಸ್‌ಎಲ್ ಫೈನಲ್ ನಡೆದಾಗ ಅವನು ಐದನೇ ಕ್ಲಾಸು. ನಮ್ಮದೇ ಜಿಲ್ಲೆಯ ತೃಕ್ಕರಿಪುರದ ಮೊಹಮ್ಮದ್ ರಫಿ ತಲೆಕೊಟ್ಟು ಗೋಲು ಹೊಡೆದರು. ಆಮೇಲೆ ಬ್ಲಾಸ್ಟರ್ಸ್ ಪೆನಾಲ್ಟಿಯಲ್ಲಿ ಸೋತಿತು, ಅದು ಬೇರೆ ಮಾತು. ನಮ್ಮ ಜಿಲ್ಲೆಯವರೂ ಅಲ್ಲಿ ಆಡಬಹುದು ಅಂತ ಅವನ ತಲೆಯಲ್ಲಿ ಕೂತದ್ದು ಆ ರಾತ್ರಿ. ಮಾರನೇ ದಿನದಿಂದ ಮನೆಯ ಹಿಂದಿನ ಗೋಡೆಗೆ ಚೆಂಡು ಬಡಿಯುವ ಸದ್ದು ನಿಂತದ್ದೇ ಇಲ್ಲ.

ಬೂಟಿಗೆ, ಕೋಚಿಂಗಿಗೆ, ಹೋಗಿಬರುವ ಖರ್ಚಿಗೆ ಅವನ ಅಮ್ಮನ ಎರಡು ಬಳೆ ಸೊಸೈಟಿಯಲ್ಲಿ ಅಡವಿದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಮಗ ದುಡಿದು ಬಿಡಿಸುತ್ತೇನೆ ಅಂದಿದ್ದ.

ಕಳೆದ ವರ್ಷ ದೂರದ ಊರಿನ ಒಂದು ಕ್ಲಬ್ಬಿನ ರಿಸರ್ವ್ ತಂಡದಲ್ಲಿ ಅವನಿಗೆ ಜಾಗ ಸಿಕ್ಕಿತು. ತಿಂಗಳಿಗೆ 18,000 ರೂಪಾಯಿ, ಊಟ, ವಸತಿ. 2025ರ ಜೂನ್‌ನಲ್ಲಿ ಹೊರಟ. ಜುಲೈ 11ರಂದು ಸೀಸನ್ ಸದ್ಯಕ್ಕೆ ಇಲ್ಲ ಅಂತ ಲೀಗ್ ನಡೆಸುವವರು ಕೈ ಎತ್ತಿದರು. ಯಾಕೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಜೊತೆ 2010ರಲ್ಲಿ ಆದ ಕರಾರು 15 ವರ್ಷದ್ದು. ವರ್ಷಕ್ಕೆ 50 ಕೋಟಿ. 2025ರ ಡಿಸೆಂಬರ್ 8ಕ್ಕೆ ಅದು ಮುಗಿಯುವುದಿತ್ತು. ಮುಗಿಯುತ್ತದೆ ಅಂತ 15 ವರ್ಷ ಮೊದಲೇ ಗೊತ್ತಿತ್ತು, ಸಾರ್! ನನ್ನ ಅಂಗಡಿಯ ಬಾಡಿಗೆ ಚೀಟಿ ಮುಗಿಯುವ ಮೂರು ತಿಂಗಳ ಮೊದಲೇ ನಾನು ಮಾಲೀಕರ ಮನೆ ಬಾಗಿಲಲ್ಲಿ ನಿಂತಿರುತ್ತೇನೆ. ಇಡೀ ದೇಶದ ಆಟ ಕೈಯಲ್ಲಿಟ್ಟುಕೊಂಡವರಿಗೆ ಆ ಯೋಚನೆ ಬರಲಿಲ್ಲವಾ?

ಆಗಸ್ಟ್‌ನಲ್ಲಿ ಒಂದು ರಾತ್ರಿ ಹುಡುಗರ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಬಂತಂತೆ. ನಾಳೆ ಮಧ್ಯಾಹ್ನದ ಒಳಗೆ ರೂಮು ಖಾಲಿ ಮಾಡಿ. ಜುಲೈ ಸಂಬಳ ಆಮೇಲೆ ನೋಡೋಣ. ಕ್ಲಬ್ಬಿನ ಹೆಸರಿರುವ ಕಿಟ್ ಬ್ಯಾಗು, ಜಾಕೆಟ್ ವಾಪಸ್ ಕೊಟ್ಟು ಹೋಗಿ.

ನನ್ನ ಮಗ ಎರಡು ರಾತ್ರಿ ಜನರಲ್ ಬೋಗಿಯಲ್ಲಿ ಕೂತು ಬಂದ. ಆ ರೈಲು ಉಪ್ಪಳದಲ್ಲಿ ನಿಲ್ಲುವುದಿಲ್ಲ, ಕಾಸರಗೋಡಿನಲ್ಲೇ ಇಳಿಯಬೇಕು. ಬೆಳಗಿನ ಜಾವ, ಜೋರು ಮಳೆ. ನಾನು ಕೊಡೆ ಹಿಡಿದು ಪ್ಲಾಟ್‌ಫಾರಂನಲ್ಲಿ ಹುಡುಕುತ್ತಿದ್ದೆ. ಹೆಗಲಲ್ಲಿ ಬ್ಯಾಗ್ ಇರುವ ಹುಡುಗರನ್ನೇ ನೋಡುತ್ತಿದ್ದೆ. ಅವನು ಅಕ್ಕಿ ಚೀಲದ ಬಾಯಿ ಕಟ್ಟಿ, ಅದನ್ನು ಎದೆಗೆ ಅವುಚಿಕೊಂಡು ಬಂದ. ಬಟ್ಟೆ, ಬೂಟು ಎಲ್ಲ ಅದರಲ್ಲೇ. "ಅಪ್ಪ, ಬೂಟು ಮಾತ್ರ ನಮ್ಮದು, ಅದನ್ನು ಕೊಡಲಿಲ್ಲ" ಅಂದ. ಮನೆಗೆ ಬರುವವರೆಗೆ ಬೇರೆ ಒಂದು ಮಾತೂ ಆಡಲಿಲ್ಲ.

ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ದೊಡ್ಡ ದೊಡ್ಡ ಆಟಗಾರರಿಗೇ ಸಂಬಳ ನಿಂತ ವರ್ಷ ಅದು, ನಮ್ಮಂಥವರದ್ದು ಏನು ಅಂತ ಸುಮ್ನೆ ಇರುತ್ತಿದ್ದೆ. ಆದರೆ ಮನೆಗೆ ಕಳಿಸಿದವರು ಹುಡುಗನನ್ನು ಬಿಟ್ಟುಕೊಡಲಿಲ್ಲ. ಸಂಬಳ ಇಲ್ಲ, ಊಟ ಇಲ್ಲ, ಮೈದಾನ ಇಲ್ಲ, ಆದರೂ ಅವನು ಅವರ ಆಟಗಾರ! ರಿಜಿಸ್ಟ್ರೇಶನ್ ಅವರ ಹೆಸರಲ್ಲಿ ಇದ್ದರೆ ಬೇರೆಡೆ ಆಡುವ ಹಾಗಿಲ್ಲ. ನಿಯಮ ನಿಮಗೆ ಗೊತ್ತಿದೆ. ಎನ್‌ಒಸಿ, ಅಂದರೆ ಬೇರೆಡೆ ಆಡಲು ಅಭ್ಯಂತರ ಇಲ್ಲ ಅನ್ನುವ ಪತ್ರ, ಕೊಡಿ ಅಂತ ಅವನು ಫೋನ್ ಮಾಡಿದ, ಮೇಲ್ ಕಳಿಸಿದ, ನಾನೂ ಫೋನ್ ಮಾಡಿದೆ. ನಾಳೆ, ನಾಡಿದ್ದು, ಮ್ಯಾನೇಜರ್ ಇಲ್ಲ. ಎನ್‌ಒಸಿ ಬಂದದ್ದು 2026ರ ಜನವರಿಯಲ್ಲಿ.

ಅಷ್ಟರಲ್ಲಿ ಇಲ್ಲಿ ಸೂಪರ್ ಲೀಗ್ ಕೇರಳ ಶುರುವಾಗಿ ಮುಗಿದೇ ಹೋಗಿತ್ತು. ಕಣ್ಣೂರು ನಮಗೆ ರೈಲಿನಲ್ಲಿ ಎರಡು ಗಂಟೆಯ ದಾರಿ. ಒಬ್ಬ ಕೋಚ್ ಇವನ ಆಟ ನೋಡಿದ್ದವರು, ಕಾಗದ ಇದ್ದರೆ ಟ್ರಯಲ್ಸ್‌ಗೆ ಬಾ ಅಂದಿದ್ದರು. ಕಾಗದ ಎಲ್ಲಿಂದ ತರುವುದು? ಡಿಸೆಂಬರ್ 19ರಂದು ಕಣ್ಣೂರು ವಾರಿಯರ್ಸ್ ತಮ್ಮದೇ ಮೈದಾನದಲ್ಲಿ ಕಪ್ ಗೆದ್ದಾಗ ನಾವು ಅಂಗಡಿಯಲ್ಲಿ ಕೂತು ಫೋನಿನಲ್ಲಿ ನೋಡಿದೆವು.

ಒಂದು ದಿನದ್ದು ಹೇಳಲೇಬೇಕು. ನಮ್ಮ ಮನೆಯಿಂದ ಎರಡು ಗದ್ದೆ ಆಚೆ ಸೆವೆನ್ಸ್ ಇತ್ತು. ಒಂದು ತಂಡದವರು ಸಂಜೆ ಮನೆಗೇ ಬಂದರು. ರಾತ್ರಿಗೆ 1,500 ಕೊಡುತ್ತೇವೆ, ಬಾ ಅಂದರು. ಮಗ ಕೋಣೆಗೆ ಹೋಗಿ ಕ್ಲಬ್ಬಿನ ಕರಾರು ಪತ್ರ ತಂದು ತೋರಿಸಿದ. ಅನುಮತಿ ಇಲ್ಲದ ಟೂರ್ನಿಯಲ್ಲಿ ಆಡಬಾರದು ಅಂತ ಅದರಲ್ಲಿ ಬರೆದಿದೆ. ಬಂದವರು ನಕ್ಕು ಹೋದರು. ರಾತ್ರಿ ನಾನು ಬಾಗಿಲು ಹಾಕಿ ಹೋಗಿ ನೋಡಿದರೆ ಅವನು ಹಗ್ಗದ ಬೇಲಿಯ ಹೊರಗೆ ನಿಂತಿದ್ದಾನೆ. ಲೈಟಿನ ಬೆಳಕು ಬೀಳದ ಕಡೆ. ಚೆಂಡು ಹೊರಗೆ ಉರುಳಿ ಅವನ ಕಾಲ ಬುಡಕ್ಕೇ ಬಂತು. ಅವನು ಒದೆಯಲಿಲ್ಲ. ಬಗ್ಗಿ ಕೈಯಲ್ಲಿ ಎತ್ತಿ ಒಳಗೆ ಎಸೆದ.

ಸಂಬಳ ಕೊಡದವರ ಕರಾರನ್ನು ನನ್ನ ಮಗ ಐದು ತಿಂಗಳು ಪಾಲಿಸಿದ್ದಾನೆ, ಸಾರ್. ಕರಾರು ಅವನಿಗೆ ಮಾತ್ರವಾ? ಆ ಜುಲೈ ಸಂಬಳ ಇವತ್ತಿಗೂ ಬಂದಿಲ್ಲ.

2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಬೆಂಗಳೂರು ಎಫ್‌ಸಿಯನ್ನು ಸೋಲಿಸಿ ಮೋಹನ್ ಬಾಗಾನ್ ಕಪ್ ಎತ್ತಿತು. ಅದಾದ ಮೇಲೆ ಐಎಸ್‌ಎಲ್‌ನ ಮುಂದಿನ ಪಂದ್ಯ ಆದದ್ದು 2026ರ ಫೆಬ್ರವರಿ 14ಕ್ಕೆ. ಹತ್ತು ತಿಂಗಳು! ನಡುವೆ ಏನೇನಾಯಿತು, ನಿಮ್ಮ ಕಣ್ಣೆದುರೇ ಆಗಿದೆ. ಲೀಗಿನ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಹೋಯಿತು. ಲೀಗ್ ನಡೆಸಲು ಟೆಂಡರ್ ಕರೆದರೆ ನವೆಂಬರ್‌ನಲ್ಲಿ ಒಬ್ಬರೂ ಬರಲಿಲ್ಲ. ಅದೇ ತಿಂಗಳು ಭಾರತ ತಂಡ ಢಾಕಾದಲ್ಲಿ ಬಾಂಗ್ಲಾದೇಶದ ಎದುರು 22 ವರ್ಷಗಳ ನಂತರ ಸೋತಿತು. ಆಡಲು ಲೀಗ್ ಇಲ್ಲದ ಹುಡುಗರು ಹೇಗೆ ಗೆಲ್ಲುತ್ತಾರೆ? ಕೊನೆಗೆ ಸುನಿಲ್ ಛೆಟ್ರಿಯಂಥವರು ವಿಡಿಯೋ ಮಾಡಿ, ನಮ್ಮನ್ನು ಉಳಿಸಿ ಅಂತ ಫಿಫಾವನ್ನು ಕೇಳಿಕೊಳ್ಳಬೇಕಾಯಿತು.

ಜನವರಿ 6ರಂದು ನೀವೇ ಮುಂದೆ ಬಂದು ಲೀಗ್ ಶುರುವಾಗುತ್ತದೆ ಅಂದಿರಿ. ಅದಕ್ಕೆ ನಾನು ಋಣಿ, ಮನಸಾರೆ ಹೇಳುತ್ತೇನೆ. ಆವತ್ತು ನನ್ನ ಹೆಂಡತಿ ದೇವರಿಗೆ ದೀಪ ಹಚ್ಚಿದಳು. ಆದರೆ 14 ಕ್ಲಬ್ಬಿಗೆ ಸೇರಿ 91 ಪಂದ್ಯ. ಹಿಂದಿನ ಸಲ ಲೀಗ್ ಹಂತದಲ್ಲಿ ಒಂದು ತಂಡಕ್ಕೆ 24 ಪಂದ್ಯ ಇತ್ತು, ಈ ಸಲ 13. ಏಷ್ಯಾದ ಫುಟ್‌ಬಾಲ್ ಒಕ್ಕೂಟ ಕೇಳುವಷ್ಟು ಪಂದ್ಯ ಇದಲ್ಲ ಅಂತ ನಿಮಗೂ ಗೊತ್ತಿದೆ. ಅರ್ಧ ಊಟ ಬಡಿಸಿದ್ದೀರಿ. ಹಸಿದವರು ಉಂಡರು, ಅಷ್ಟೇ. ನಾಳೆಯ ಊಟ ಎಲ್ಲಿ? ಅದಕ್ಕೇ ದಿನಾಂಕ ಕೇಳುತ್ತಿರುವುದು.

ದಿನಾಂಕ ಅಂದರೆ ಏನು ಅಂತ ನಮ್ಮ ಕಡೆಯ ಒಂದು ವಿಷಯ ಹೇಳುತ್ತೇನೆ. ನಮ್ಮಲ್ಲಿ ಬರೀ 'ಆಟ' ಅಂದರೆ ಯಕ್ಷಗಾನ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆ ನನ್ನ ಅಂಗಡಿಯಿಂದ ಸ್ವಲ್ಪವೇ ದೂರ. ಮೇಳದವರು ದೀಪಾವಳಿ ಕಳೆದು ಗೆಜ್ಜೆ ಕಟ್ಟಿದರೆ ಪತ್ತನಾಜೆಗೆ ಬಿಚ್ಚುತ್ತಾರೆ. ತುಳುವಿನ ಬೇಶ ತಿಂಗಳ ಹತ್ತು, ಮೇ ಕೊನೆಯ ವಾರದ ಸುಮಾರಿಗೆ. ಚೆಂಡೆಯವರಿಗೂ ಗೊತ್ತು, ಬಣ್ಣ ಹಾಕುವವರಿಗೂ ಗೊತ್ತು, ಆಟ ಆಡಿಸುವವರಿಗೂ ಗೊತ್ತು. ಮಗಳ ಮದುವೆ ಯಾವಾಗ, ಸಾಲ ಯಾವ ತಿಂಗಳು ತೀರಿಸುವುದು, ಮಳೆಗಾಲದಲ್ಲಿ ಏನು ಕೆಲಸ, ಎಲ್ಲ ಲೆಕ್ಕ ಅದರ ಮೇಲೆ ನಿಂತಿದೆ. ಕಾಯುವುದು ನಮಗೆ ಹೊಸತಲ್ಲ. ಕಟೀಲು ಮೇಳದ ಹರಕೆ ಆಟಕ್ಕೆ ವರ್ಷಗಟ್ಟಲೆ ಕಾಯುವ ಜನ ನಾವು. ಕಾದರೆ ಸರದಿ ಬರುತ್ತದೆ ಅಂತ ಗೊತ್ತಿದ್ದರೆ ಕಾಯಬಹುದು, ಅಲ್ವಾ? ಫುಟ್‌ಬಾಲ್ ಆಡುವ ಮಕ್ಕಳಿಗೆ ನೀವು ಗೆಜ್ಜೆ ಕಟ್ಟುವ ದಿನವನ್ನೂ ಹೇಳಿಲ್ಲ, ಬಿಚ್ಚುವ ದಿನವನ್ನೂ ಹೇಳಿಲ್ಲ.

ಕ್ರೀಡಾ ಆಡಳಿತಕ್ಕೆ ಅಂತ 2025ರಲ್ಲಿ ಹೊಸ ಕಾನೂನು ಬಂತು. ಫೆಡರೇಶನ್ನಿನ ಸಂವಿಧಾನಕ್ಕೂ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿತು. ಇಷ್ಟೆಲ್ಲ ಆದ ಮೇಲೂ ಒಂದು ಕ್ಯಾಲೆಂಡರ್ ಹೊರಡಿಸಲು ಏನು ಅಡ್ಡಿ? ಯಾರ ಹಕ್ಕು, ಯಾರ ದುಡ್ಡು, ಯಾವ ಚಾನೆಲ್, ಅದನ್ನೆಲ್ಲ ನೀವು ಕೂತು ಮಾತಾಡಿ. ಆದರೆ ದಿನಾಂಕ ಮೊದಲು ಹೇಳಿ. ಸೀಸನ್ ನಿಂತರೆ ಮನೆಗೆ ಕಳಿಸಿದ ಹುಡುಗನಿಗೆ ಅದೇ ದಿನ ಎನ್‌ಒಸಿ ಕೈಗೆ ಸಿಗಬೇಕು, ಅದನ್ನೂ ಜೊತೆಗೇ ಬರೆಸಿ.

ನನಗೆ ಆತುರ ಯಾಕೆ ಅಂದರೆ, ನನ್ನ ಹೆಂಡತಿಯ ತಮ್ಮ ದುಬೈಯಲ್ಲಿದ್ದಾನೆ. ಸೂಪರ್ ಮಾರ್ಕೆಟ್ ಕೆಲಸಕ್ಕೆ ಒಂದು ವೀಸಾ ಇದೆ ಅಂದಿದ್ದಾನೆ. ಅಳಿಯನನ್ನು ಕಳಿಸಿ, ಪತ್ತನಾಜೆಯ ಒಳಗೆ ಹೇಳಿ, ಆಮೇಲೆ ಬೇರೆಯವರಿಗೆ ಹೋಗುತ್ತದೆ ಅಂದ. ಮಗ ಹೋಗುತ್ತೇನೆ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಈಗ ಅಂಗಡಿಯಲ್ಲಿ ಅಕ್ಕಿ, ಬೆಲ್ಲ ತೂಗುತ್ತಾನೆ. ಸಂಜೆ ಐದಕ್ಕೆ ಬೂಟು ಹಿಡಿದು ಒಬ್ಬನೇ ಗದ್ದೆಗೆ ಹೋಗಿ ಓಡುತ್ತಾನೆ. "ಮುಂದಿನ ಸೀಸನ್ ಯಾವಾಗ ಅಂತ ಗೊತ್ತಾದರೆ ಮಾವನಿಗೆ ಹೇಳಬಹುದಿತ್ತು" ಅಂತ ಮೊನ್ನೆ ಅಷ್ಟೇ ಅಂದ.

ಪಾಸ್‌ಪೋರ್ಟ್ ಗಲ್ಲಾಪೆಟ್ಟಿಗೆಯಲ್ಲಿದೆ. ಪತ್ತನಾಜೆ ಹತ್ತಿರ ಬಂತು. ದಯವಿಟ್ಟು ಅದರ ಒಳಗೆ ದಿನಾಂಕ ಹೇಳಿ.

ಇಂತಿ,
ಉಪ್ಪಳದ ಒಬ್ಬ ಅಂಗಡಿಯವ